ತುಪ್ಪ ಸುರಿದ ದಿಬ್ಬ

ಒದ್ದೆ ಎಲೆಗಳ ಮೇಲೆ ಬಿಸಿ ತುಪ್ಪ ಬಿದ್ದರೆ ಎಂಥ ವಾಸನೆ ಬರುತ್ತದೆಂದು ನಿಮಗೆ ಗೊತ್ತಿರಲಾರದು. ಗೊತ್ತಾಗುವ ಕಾಲ ಯಾರಿಗೂ ಬಾರದಿರಲಿ. ಮೊನ್ನೆ ತುಪ್ಪ ಕಾಯಿಸುತ್ತಿದ್ದಾಗ ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಹಳೆಯ ಮನೆ, ಹಿತ್ತಲಿನ ಮೇಪಲ್ ಮರ, ಅದರ ಬುಡದ ಮಣ್ಣಿನ ದಿಬ್ಬ ಎಲ್ಲವೂ ಕಣ್ಣೆದುರು ಬಂದು ನಿಂತವು. ಸ್ಟವ್ ಆರಿಸಿ ಅಲ್ಲೇ ಕೂತುಬಿಟ್ಟೆ.

ಅಪ್ಪ ಕಾಲೇಜಿನಲ್ಲಿ ಉತ್ತರ ಯೂರೋಪಿನ ಹಳೆಯ ಪುರಾಣಗಳ ಪಾಠ ಮಾಡುತ್ತಿದ್ದ. ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ ಬರೀ ಕ್ಲೌಡು, ವೀಸಾ ಎನ್ನುವ ಅಂಕಲ್‌ಗಳ ನಡುವೆ ಅವನಿಗೆ ‘ದೆವ್ವದ ಮೇಷ್ಟ್ರು’ ಎಂದೇ ಹೆಸರು. ಕ್ರಿಸ್‌ಮಸ್ ಕಾಲದಲ್ಲಿ ಅಂಗಡಿಯಲ್ಲಿ ಹಸಿರು ಟೋಪಿಯ, ಎಲ್ಫ್ ಎಂಬ ಕುಳ್ಳ ಯಕ್ಷನ ಬೊಂಬೆ ಕಂಡರೆ ಸಾಕು, ಅವನಿಗೆ ಮೈಯೆಲ್ಲ ಉರಿ. ಎಲ್ಫ್‌ಗಳು ಮೊದಲು ದೇವತೆಗಳ ಪಂಕ್ತಿಯಲ್ಲೇ ಕೂರುತ್ತಿದ್ದವರು, ಬೆಳಕಿನವರು ಕತ್ತಲಿನವರು ಎಂದು ಪಂಗಡ ಮಾಡಿದ್ದೆಲ್ಲ ಆಮೇಲೆ ಬರೆದಿಟ್ಟವರ ಕೆಲಸವಿರಬೇಕು ಎಂದು ದಾರಿಯುದ್ದಕ್ಕೂ ವಾದ. ಊರಿಗೆ ಒಳ್ಳೆಯದು ಮಾಡಿ ಸತ್ತವರೂ ತಮ್ಮ ಸಮಾಧಿಯ ದಿಬ್ಬದೊಳಗೆ ಎಲ್ಫ್‌ಗಳಾಗಿ ಉಳಿಯುತ್ತಾರೆಂದು ಆ ಉತ್ತರದ ಜನ ನಂಬಿದ್ದರಂತೆ. ಜರ್ಮನ್ನರ ಕಡೆ ಅದೇ ಕುಲದವರು ಮಲಗಿದವರ ಎದೆಯ ಮೇಲೆ ಕೂತು ಉಸಿರು ಕಟ್ಟಿಸುತ್ತಿದ್ದರಂತೆ. ಅಮ್ಮ ನಗುತ್ತಾ, “ಮೊದ್ಲು ಆ ಟ್ರ್ಯಾಶ್ ಹೊರಗಿಡ್ರೀ, ಎಲ್ಫು ಬಂದು ಇಡಲ್ಲ” ಎನ್ನುತ್ತಿದ್ದಳು.

ಎರಡು ಸಾವಿರದ ಇಪ್ಪತ್ತರಲ್ಲಿ, ಎಲೆ ಉದುರುವ ಕಾಲಕ್ಕೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಅಮ್ಮನಿಗೆ ಕೋವಿಡ್ ಬಂತು. ನನಗಾಗ ಹದಿಮೂರು. ಬೇಸ್‌ಮೆಂಟಿನಲ್ಲಿ ಒಬ್ಬಳೇ ಮಲಗಿದ್ದವಳನ್ನು ಕೊನೆಗೆ ಆಂಬುಲೆನ್ಸಿನಲ್ಲಿ ಕರೆದೊಯ್ದರು. ನರ್ಸ್ ಹಿಡಿದ ಫೋನಿನಲ್ಲಿ ಅವಳು ಒಂದೊಂದು ಉಸಿರಿಗೂ ಒದ್ದಾಡುವುದು ಕಾಣುತ್ತಿತ್ತು. ಅವಳ ಎದೆಯ ಮೇಲೆ ಕೂತದ್ದು ಯಾರೆಂದು ನನಗೆ ಖಾತ್ರಿಯಾಗಿತ್ತು. ಎಲ್ಫ್‌ಗಳು ಕೆಟ್ಟವರೇ ಎಂದು ಅಪ್ಪನನ್ನು ಕೇಳಿದೆ.

“ಒಳ್ಳೇವ್ರೂ ಅಲ್ಲ, ಕೆಟ್ಟವ್ರೂ ಅಲ್ಲ ಪುಟ್ಟಿ. ನಾವು ನೋಡ್ಕೊಂಡ್ರೆ ಅವ್ರೂ ನೋಡ್ಕೋತಾರೆ” ಎಂದ. ಗಾಯವಾದವನೊಬ್ಬ ಎಲ್ಫ್‌ಗಳ ದಿಬ್ಬಕ್ಕೆ ಹೋರಿಯ ರಕ್ತ ಸುರಿದು, ಮಾಂಸ ಬಡಿಸಿ ವಾಸಿಯಾದ ಕಥೆಯನ್ನೂ ಹೇಳಿದ.

ಹೋರಿಯನ್ನು ನಾನೆಲ್ಲಿಂದ ತರಲಿ? ಮಾರನೆಯ ದಿನ ಅನ್ನಕ್ಕೆ ಬಿಸಿ ತುಪ್ಪ ಹಾಕಿ, ಹಿತ್ತಲಿನ ದಿಬ್ಬದ ಮೇಲಿಟ್ಟೆ. ಅಪ್ಪ ಕಿಟಕಿಯಿಂದ ನೋಡಿದ. ಬೈಯುತ್ತಾನೆಂದುಕೊಂಡರೆ, ತುಪ್ಪದ ಪಾತ್ರೆಯನ್ನೇ ತಂದು ಅಷ್ಟನ್ನೂ ಅಲ್ಲಿನ ಒದ್ದೆ ಎಲೆಗಳ ಮೇಲೆ ಸುರಿದ. ಆ ಜನ ಇದೇ ಕಾಲದಲ್ಲಿ ಮನೆಮನೆಯಲ್ಲೂ ಎಲ್ಫ್‌ಗಳಿಗೆ ಪೂಜೆ ಕೊಡುತ್ತಿದ್ದರು, ಆಗ ಹೊರಗಿನವರನ್ನು ಹೊಸ್ತಿಲಿಂದಲೇ ಕಳಿಸಿಬಿಡುತ್ತಿದ್ದರು ಎಂದ. ಸಂಜೆ ಪಕ್ಕದ ಬೀದಿಯ ಸುಮಾ ಆಂಟಿ ಸಾರು ತಂದಾಗ ಬಾಗಿಲು ತೆಗೆಯದೆ, ಗಾಜಿನ ಹಿಂದಿನಿಂದಲೇ ಕೈಬೀಸಿ ಕಳಿಸಿದ. ವೈರಸ್‌ಗಾಗಿಯೋ ಎಲ್ಫ್‌ಗಳಿಗಾಗಿಯೋ, ಇವತ್ತಿಗೂ ನನಗೆ ತಿಳಿಯದು.

ಅದೇ ವಾರ ಅಮ್ಮ ಹೋದಳು. ಹತ್ತಿರಕ್ಕೂ ನಮ್ಮನ್ನು ಬಿಡಲಿಲ್ಲ. ದಹನವಾದ ಮೇಲೆ ಅಪ್ಪನ ಕೈಗೆ ಒಂದು ಸಣ್ಣ ಪೆಟ್ಟಿಗೆ ಕೊಟ್ಟರು. ಬೂದಿಯನ್ನು ನದಿಗೆ ಬಿಟ್ಟು ಮರಳುವಾಗ ಬೆಲ್ಟ್‌ವೇ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತುಬಿಟ್ಟಿತ್ತು. ನಾನು ಕೇಳಿದೆ: “ಅಮ್ಮಂಗೆ ದಿಬ್ಬಾನೇ ಇಲ್ವಲ್ಲಪ್ಪಾ. ಈಗ ಎಲ್ಲಿರ್ತಾಳೆ?”

ಅಪ್ಪ ಸ್ಟೀರಿಂಗ್ ಹಿಡಿದು ಮುಂದಿನ ಕಾರನ್ನೇ ನೋಡುತ್ತಿದ್ದ.

“ಎಲ್ಲೂ ಇಲ್ಲ ಪುಟ್ಟಿ” ಎಂದ.

ಮರುವರ್ಷ ಮನೆ ಮಾರಿದೆವು. ಅಪ್ಪ ಮತ್ತೆ ಕಥೆ ಹೇಳಲಿಲ್ಲ. ನಾನೂ ಕೇಳಲಿಲ್ಲ.