ಹೊಲಕ್ಕೊಂದು ತುತ್ತು

ಸುಡುಬಿಸಿಲು. ಸುರಪುರದ ಬಸ್ಸಿಗೆ ಕಾಯುತ್ತ ಬೋನಾಳದ ಅಂಗನವಾಡಿಯ ನೆರಳಿಗೆ ನಿಂತಿದ್ದೆ. ಒಳಗೆ ಮಕ್ಕಳ ಊಟದ ಹೊತ್ತು. ಬರೀ ಅನ್ನ ಉಂಡು ಮಕ್ಕಳು ಸೊರಗಿವೆಯೆಂದು ಟೀಚರಮ್ಮ ಅಂದು ಮೊದಲ ಸಲ ತಮ್ಮ ಮನೆಯ ಸಜ್ಜೆ ಹಿಟ್ಟು ತಂದು, ಎಳ್ಳು ಹಾಕಿ ಕಡುಬು ಬೇಯಿಸಿದ್ದರು.

ಕಡ್ಡಿಯಂಥ ಕೈಯ ಹುಡುಗಿಯೊಬ್ಬಳು ತಟ್ಟೆ ಹಿಡಿದು ಹೊರಬಂದಳು. ಒಂದು ಕಡುಬನ್ನು ಪುಡಿ ಮಾಡಿ ಎದುರಿನ ಹೊಲದತ್ತ ಎಸೆದಳು. ನನಗೆ ಸಿಟ್ಟೇ ಬಂತು.

"ಏ, ತಿನ್ನೋದನ್ನ ಯಾಕೆ ಚೆಲ್ತೀಯ?"

ಹಿಂದೆಯೇ ಬಂದ ಟೀಚರಮ್ಮ ತಡೆದರು. "ಬೈಬ್ಯಾಡ್ರಿ ಸರ. ಚರಗ ಚೆಲ್ಲಾಕತ್ತಾಳ. ಸಜ್ಜಿ ಕಡುಬು ಇವರ ಮನ್ಯಾಗ ಎಳ್ಳಮಾಸಿ ಹಬ್ಬಕ್ಕ ಅಷ್ಟ ಮಾಡ್ತಾರ. ಅವತ್ತು ಮೊದಲು ಹೊಲಕ್ಕ ಚೆಲ್ಲಿ, ಆಮ್ಯಾಲ ಮಂದಿ ಉಣ್ಣೋದಲ್ರಿ." ಹುಡುಗಿಯ ತಲೆ ಸವರಿದರು. "ಭೂಮ್ತಾಯಿಗಿ ಮುಟ್ಯಾದವ್ವ. ಈಗ ನೀ ಉಣ್ಣು."

ಅವಳು ಗೋಡೆಗೊರಗಿ ಕುಳಿತು ನಿಧಾನವಾಗಿ ತಿಂದಳು. ಬೆರಳಿಗೆ ಅಂಟಿದ ಎಳ್ಳನ್ನೂ ಬಿಡಲಿಲ್ಲ. ತಟ್ಟೆ ಖಾಲಿಯಾದ ಮೇಲೆ ತಲೆಯೆತ್ತಿದಳು.

"ಟೀಚರ್, ನಾಳಿಗೂ ಎಳ್ಳಮಾಸಿ ಅದ ಏನ್ರಿ?"

ಟೀಚರಮ್ಮ ಒಳಗಿದ್ದ ಹಿಟ್ಟಿನ ಡಬ್ಬಿಯತ್ತ ಒಮ್ಮೆ ತಿರುಗಿ ನೋಡಿದರು.

"ಅದವ್ವ," ಎಂದರು. "ನಾಳಿಗೂ ಅದ."