ಮೂರು ನಿಮಿಷಕ್ಕೆ ಆರಬೇಕಾದ ದೀಪ

ವೆರೋನಾ ಹುಡಾಕ್ ಕಾರಿನ ಹೆಡ್‌ಲೈಟನ್ನು ಕೈಯಾರೆ ಆರಿಸಿ ಹದಿನೇಳು ವರ್ಷ ಆಗಿತ್ತು. ಗಂಡ ಸ್ಟೀಫನ್ ಇದ್ದಾಗ ಕೊಂಡ ನೀಲಿ ಕಾರು ಅದು, ದೋಣಿಯಷ್ಟು ಉದ್ದ. ಕತ್ತಲಾದರೆ ದೀಪ ತಾನೇ ಹತ್ತುತ್ತಿತ್ತು. ಎಂಜಿನ್ ನಿಲ್ಲಿಸಿ ಇಳಿದ ಮೇಲೂ ಮೂರು ನಿಮಿಷ ಉರಿದು, ಅಡುಗೆಮನೆ ಬಾಗಿಲು ಮುಟ್ಟುವವರೆಗೆ ದಾರಿ ತೋರಿಸಿ, ತಾನೇ ಆರುತ್ತಿತ್ತು. ದೀಪ ಹತ್ತಿಸುವ ಗುಂಡಿಯೊಂದು ಇದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು.

ಆ ಫೆಬ್ರವರಿಯಲ್ಲಿ ಬೆಳಿಗ್ಗೆ ಹೋಗಿ ಕೀಲಿ ತಿರುಗಿಸಿದರೆ ಬ್ಯಾಟರಿ ಸತ್ತಿರುತ್ತಿತ್ತು. ಒಂದು ಸಲ ಅಲ್ಲ, ನಾಲ್ಕು ಸಲ. ಅದರಲ್ಲಿ ಎರಡು ಸಲ ನಾದಿನಿ ಜಸ್ಟೀನ್‌ಳನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಾದ ದಿನವೇ. ಸಕ್ಕರೆ ಕಾಯಿಲೆಯಿಂದ ಜಸ್ಟೀನ್‌ಳ ಮೂತ್ರಪಿಂಡವೂ ಹೋಗಿತ್ತು, ಕಣ್ಣೂ ಮುಕ್ಕಾಲು ಹೋಗಿತ್ತು. ವಾರಕ್ಕೆ ಮೂರು ದಿನ ಆ ಕಾರೇ ಅವಳ ಜೀವ.

ಗ್ಯಾರೇಜಿನ ಕಾರ್ಮೈನ್ ಬಂದು ಕಾರಿಗೆ ಜೀವ ತುಂಬಿದ. ಬ್ಯಾಟರಿ ತಟ್ಟಿ ನೋಡಿ ಹೇಳಿದ: "ಬ್ಯಾಟರಿ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಮಿಸೆಸ್ ಹುಡಾಕ್. ನೀವು ಲೈಟ್ ಆರ್ಸೋದು ಮರೀತಿದೀರ, ಅಷ್ಟೇ. ನಮ್ಮಮ್ಮನೂ ಒಲೆ ಮೇಲೆ ಸಾಸ್ ಇಟ್ಟು ಚರ್ಚಿಗೆ ಹೋಗ್ಬಿಡ್ತಿದ್ಲು."

"ನಿಮ್ಮಮ್ಮನ ಸಾಸು ಸೀದಿದ್ರೂ ಅದೇ ರುಚಿ, ಸೀಯದಿದ್ರೂ ಅದೇ ರುಚಿ," ಅಂದಳು ವೆರೋನಾ. ಹೇಳಿದವಳಿಗೇ ನಗು ಬರಲಿಲ್ಲ.

ಕಾರ್ಮೈನ್ ಒಳ್ಳೆಯ ಮನಸ್ಸಿನಿಂದಲೇ ಅವಳ ಮಗ ರೇಯಿಗೆ ಫೋನ್ ಮಾಡಿದ್ದ. ರೇ ಅದೇ ಸಂಜೆ ಬಂದ. ಕೋಟು ಬಿಚ್ಚಲಿಲ್ಲ.

"ಅಮ್ಮ, ಇವತ್ತು ಲೈಟು. ನಾಳೆ ಗ್ಯಾಸು. ಆಮೇಲೆ ರಸ್ತೇಲಿ ಯಾವುದೋ ಮಗು."

"ದೀಪ ತಾನೇ ಆರತ್ತೆ ಕಣೋ. ಆರಿಸೋ ಕೆಲಸ ನಂದಲ್ಲ."

"ಹಂಗಾದ್ರೆ ಕಾರಿಗೇ ಮರೆವು ಬಂದಿದೆ ಅಂತೀಯ?" ಅವನ ದನಿ ಮೆತ್ತಗಾಯಿತು, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಹನ್ನೆರಡು ದಿನ ಟೈಮ್ ತಗೋ. ಅಲ್ಲೀವರ್ಗೆ ನಾನು ಸುಮ್ನಿರ್ತೀನಿ. ಆ ಭಾನುವಾರ ಬಂದು ಕೀ ಇಸ್ಕೋತೀನಿ. ಜಸ್ಟೀನ್ ಅತ್ತೇನ ಆಸ್ಪತ್ರೆ ಪಕ್ಕದಲ್ಲಿ ರೋಗಿಗಳ್ನ ನೋಡ್ಕೊಳ್ಳೋ ಹೋಮಿಗೆ ಸೇರ್ಸೋಣ."

ಪಕ್ಕದ ಕೋಣೆಯಲ್ಲಿ ಜಸ್ಟೀನ್ ರೇಡಿಯೋದ ಸದ್ದು ಸಣ್ಣ ಮಾಡಿದ್ದು ಇಬ್ಬರಿಗೂ ಕೇಳಿಸಿತು.

ವೆರೋನಾ ಮೂವತ್ತೊಂದು ವರ್ಷ ಕಾರಿನ ತಂತಿ ಹೆಣೆಯುವ ಕಾರ್ಖಾನೆಯಲ್ಲಿ ದುಡಿದವಳು. ಬಾಗಿಲಗಲದ ಹಲಗೆಯ ಮೇಲೆ ಮೊಳೆಯಿಂದ ಮೊಳೆಗೆ ಕಂದು, ಹಸಿರು, ಹಳದಿ ತಂತಿ ಎಳೆದು ಕಟ್ಟುವ ಕೆಲಸ. ಈ ಕಣಿವೆಯ ಅರ್ಧ ಹೆಂಗಸರ ಬೆರಳು ಸವೆದದ್ದೇ ಅಲ್ಲಿ. ದೋಷ ಕಂಡರೆ ಅಲ್ಲೇ ಚೀಟಿ ಬರೆದು ಕಟ್ಟಬೇಕು, ಆ ತಪ್ಪು ತನ್ನ ಕೈಯದ್ದೇ ಆಗಿದ್ದರೂ. ಅವಳು ಹಾಗೆಯೇ ಶುರು ಮಾಡಿದಳು. ಚರ್ಚಿನ ಕ್ಯಾಲೆಂಡರಿನ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ತಾರೀಕು, ಗಂಟೆ, ಚಳಿ ಎಷ್ಟು, ದೀಪ ಆರಲು ಎಷ್ಟು ನಿಮಿಷ.

ಕಾರಿನ ಮುಂದಿನ ಗಾಜಿನ ಕೆಳಗೆ ಬೆಳಕು ನೋಡುವ ಒಂದು ಪುಟ್ಟ ಕಣ್ಣಿತ್ತು. ಹಗಲಲ್ಲಿ ಅದರ ಮೇಲೆ ಕೈಗವಸು ಮುಚ್ಚಿದರೆ ಕಾರಿಗೆ ರಾತ್ರಿಯಾಗುತ್ತಿತ್ತು. ದೀಪ ಹತ್ತಿಸಿ, ಕೀಲಿ ತೆಗೆದು, ಮೊಟ್ಟೆ ಬೇಯಿಸುವಾಗ ಹೊತ್ತು ಎಣಿಸುವ ಗಡಿಯಾರ ತಿರುಗಿಸಿ ಕೂತಳು. ಮೂರು ನಿಮಿಷಕ್ಕೆ ಸರಿಯಾಗಿ ಆರಿತು. ಮರುದಿನ ಐದು ಸಲ ನೋಡಿದಳು, ಐದು ಸಲವೂ ಆರಿತು. ಮೂರನೇ ದಿನವೂ ಅಷ್ಟೇ. ಹಾಳೆಯ ತುಂಬ ಸರಿ, ಸರಿ, ಸರಿ. ಒಂದೊಂದು ಸರಿ ಬರೆದಾಗಲೂ ತಪ್ಪು ತನ್ನ ತಲೆಯ ಕಡೆಗೆ ಒಂದು ಹೆಜ್ಜೆ ಹತ್ತಿರ ಬಂದಂತೆ ಅನಿಸಿತು. ಒಲೆಯ ತಿರುಪುಗಳನ್ನು ಮುಟ್ಟಿ ಮುಟ್ಟಿ ನೋಡತೊಡಗಿದಳು. ಮರೆತಿಲ್ಲ ತಾನೇ ಎಂದು ಸ್ಟೀಫನ್‌ನ ಅಣ್ಣಂದಿರ ಹೆಸರನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡಳು.

ನಾಲ್ಕನೇ ದಿನ ಡಯಾಲಿಸಿಸ್‌ನಿಂದ ಬಂದಾಗ ಮೋಡ ಕವಿದಿತ್ತು. ಮೂರು ನಿಮಿಷವಾಯಿತು, ದೀಪ ಆರಲಿಲ್ಲ. ಐದಾಯಿತು. ಸಿಕ್ಕಿಬಿದ್ದ ಕಳ್ಳ ಅಂದುಕೊಂಡು ಓಡಿದಳು. ಬಾಗಿಲು ತೆಗೆದು ನೋಡಿದರೆ ಹೆಡ್‌ಲೈಟಿನ ಗುಂಡಿಯನ್ನು ಹೊರಗೆ ಎಳೆದಿತ್ತು. ಹಾಗೆ ಎಳೆದರೆ, ಕೈಯಾರೆ ಒತ್ತುವವರೆಗೂ ದೀಪ ಆರುವುದಿಲ್ಲ. ಒಳಗೆ ಒತ್ತಿದಳು. ಆರಿತು.

ಒಳಗೆ ಬಂದು ಕೇಳಿದಳು: "ಜಸ್ಟೀನ್, ಕಾರಿನ ಗುಂಡಿ ಏನಾದ್ರೂ ಎಳೆದ್ಯಾ?"

"ನಂಗೆ ತಟ್ಟೇಲಿರೋ ಎಲೆಕೋಸೇ ಕಾಣ್ಸಲ್ಲ. ಗುಂಡಿ ಹುಡ್ಕೋಕೆ ಹೋಗ್ತೀನಾ?" ಚಮಚ ಕೆಳಗಿಟ್ಟಳು. "ಯಾಕೆ, ವೆರೋನಾ?"

"ಏನಿಲ್ಲ. ತಿನ್ನು."

ಪೆನ್ಸಿಲ್ ಹಿಡಿದು ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಬರೆದಳು: ಗುಂಡಿ ಎಳೆದಿತ್ತು. ನಾನು. ನೆನಪಿಲ್ಲ.

ಆರನೇ ದಿನ ಚಳಿ ಬಿದ್ದಿತು, ಮೂಗಿನೊಳಗಿನ ಕೂದಲು ಗಡುಸಾಗುವಂಥ ಚಳಿ. ಬೆಳಿಗ್ಗೆ ಕಾರಿನ ಕಣ್ಣು ಮುಚ್ಚಿ ದೀಪ ಹತ್ತಿಸಿ ಕೂತಳು. ಮೂರು, ಆರು, ಹತ್ತು ನಿಮಿಷ. ಗುಂಡಿ ಒಳಗೇ ಇತ್ತು. ಎಷ್ಟು ಹೊತ್ತು ಉರಿಯಬೇಕೆಂದು ಹೇಳುವ ಕಡ್ಡಿಯನ್ನು ಪೂರ್ತಿ ಹಿಂದಕ್ಕೆ, ಸೊನ್ನೆಗೆ ಸರಿಸಿದಳು. ಆದರೂ ಉರಿಯಿತು. ಹಾಗಾದರೆ ದೋಷ ಹೊತ್ತು ಎಣಿಸುವ ಕಡೆಯಲ್ಲ, ಅಲ್ಲಿಂದ ದೀಪಕ್ಕೆ ಹೋಗುವ ದಾರಿಯಲ್ಲಿ. ಮಂಡಿ ಕಿರುಗುಟ್ಟುತ್ತಿದ್ದರೂ ನೆಲಕ್ಕೆ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿದಳು. ಹಳದಿ ತಂತಿ ಹಿಡಿದು ಬೆರಳಿನಲ್ಲೇ ನಡೆದಳು. ಬೆಂಕಿಪೊಟ್ಟಣದಷ್ಟು ಡಬ್ಬಿ ಸಿಕ್ಕಿತು. ದೀಪಕ್ಕೆ ಕರೆಂಟು ಬಿಡುವುದೂ ತಡೆಯುವುದೂ ಆ ರಿಲೇಯೇ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಒಂದು ಏಟು ಕೊಟ್ಟಳು.

ಟಕ್ ಅಂದಿತು. ಕಾರಿನ ಎದುರಿನ ಗೋಡೆಯ ಮೇಲಿನ ಬೆಳಕು ಹೋಯಿತು.

ಅವಳು ಅಲ್ಲೇ ಮಲಗಿಕೊಂಡು ಅತ್ತಳು.

ಕಾರ್ಮೈನ್ ಡಬ್ಬಿ ಬಿಚ್ಚಿ, ಒಳಗೆ ಸುಟ್ಟು ಕಪ್ಪಾದ ಎರಡು ತಾಮ್ರದ ನಾಲಿಗೆ ತೋರಿಸಿದ. ಚಳಿಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. "ನಿಮ್ಮನ್ನ ಮರೆಗುಳಿ ಅಂದೆ. ನಾನೇ ಕತ್ತೆ," ಅಂದ.

"ನೀನು ಕತ್ತೆ ಅನ್ನೋದು ಮೊದಲಿಂದ್ಲೂ ಗೊತ್ತು. ಹೊಸಾದು ಹಾಕು."

ಹೊಸ ರಿಲೇ ಬಂತು. ಮೂರು ದಿನ, ದಿನಕ್ಕೆ ನಾಲ್ಕು ಸಲ, ಆ ಚಳಿಯಲ್ಲೂ ಮೂರೇ ನಿಮಿಷ. ಜಸ್ಟೀನ್ ರೇಡಿಯೋ ಜೊತೆ ಹಾಡಿದಳು. ವೆರೋನಾ ಹಳೆಯ ಆ ಒಂದು ಸಾಲಿನ ಮೇಲೆ ಕಣ್ಣು ಹಾಯಿಸದೆ ಹಾಳೆ ಮಡಚುತ್ತಿದ್ದಳು.

ಶನಿವಾರ ಅಂಗಡಿಯಿಂದ ಬಂದು ಚೀಲ ಇಳಿಸಿ ಕೂತಾಗ ಕಿಟಕಿಯಾಚೆ ಬೆಳಕು ಇನ್ನೂ ಇತ್ತು. ಗಡಿಯಾರ ನೋಡಿದಳು. ಏಳು ನಿಮಿಷ. ಕಾರಿನ ಹತ್ತಿರ ಹೋದಳು. ಗುಂಡಿ ಹೊರಗಿತ್ತು. ಹಾಳೆಯಲ್ಲಿ ಅದನ್ನೂ ಬರೆದಳು.

ಭಾನುವಾರ ರೇ ಹೂವು ಹಿಡಿದು ಬಂದ. ಕಾರ್ಮೈನ್ ಎಲ್ಲ ಹೇಳಿದ್ದ. "ಅಮ್ಮ, ತಪ್ಪಾಯ್ತು. ಕಾರೇ ಕೆಟ್ಟಿತ್ತಂತೆ. ಕೀ ನೀನೇ ಇಟ್ಕೋ," ಅಂದ. ಜಸ್ಟೀನ್ ಮೇಜಿನಾಚೆಯಿಂದ, "ನೂಡಲ್ಸ್ ಜಾಸ್ತಿ ಬಡ್ಸು ಅವನಿಗೆ, ಬಾಯಿ ಮುಚ್ಚಿರ್ಲಿ," ಅಂದಳು. ರೇಯೂ ಜಸ್ಟೀನೂ ನಕ್ಕರು.

ಅಷ್ಟಕ್ಕೇ ಬಿಡಬಹುದಿತ್ತು. ಹಾಳೆ ಅವಳ ಏಪ್ರನ್ ಜೇಬಿನಲ್ಲಿತ್ತು. ಒಲೆಯಲ್ಲಿ ತುರುಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ರೇಯ ಮಾತು ನೆನಪಾಯಿತು, ರಸ್ತೆಯಲ್ಲಿನ ಯಾವುದೋ ಮಗು.

ಹಾಳೆ ತೆಗೆದು ಅವನ ತಟ್ಟೆಯ ಪಕ್ಕ ಇಟ್ಟಳು. ಅವನು ಓದುತ್ತಾ ಹೋದ. ಮುಳ್ಳುಚಮಚ ನಿಂತಿತು.

"ಈ ಎರಡು ಸಾಲು?"

"ಅವು ಕಾರಿಂದಲ್ಲ. ನಂದು."

ಜಸ್ಟೀನ್ ಕೈ ಮೇಜಿನ ಮೇಲೆ ತಡವರಿಸಿ ಅವಳ ಕೈ ಹುಡುಕಿತು, ಸಿಕ್ಕ ಮೇಲೆ ಬಿಡಲಿಲ್ಲ.

"ನಾಳೆ ಡಾಕ್ಟರ್ ಹತ್ರ ಹೋಗ್ಬೇಕು," ಅಂದಳು ವೆರೋನಾ. "ಜಸ್ಟೀನ್‌ನ ಡಯಾಲಿಸಿಸ್‌ಗೆ ಬಿಟ್ಟು ಅಲ್ಲಿಂದ್ಲೇ. ಕಾರು ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ನೋಡ್ತಿರು. ಏನು ತಪ್ಪು ಮಾಡಿದ್ರೂ ಬರ್ಕೋ."

ಅವನು ಹೂಂ ಎಂದು ತಲೆಯಾಡಿಸಿದ. ಅವಳು ಪೆನ್ಸಿಲನ್ನು ಅವನ ಕಡೆ ತಳ್ಳಿದಳು.