ಬೋರ್ಡಿನ ಮೇಲಿನ ಸೇವಂತಿಗೆ

ಪೂಜೆ ಮಾಡದೆ ಲಾರಿಯ ಕೀಲಿ ಮುಟ್ಟುವುದಿಲ್ಲ ಎಂದು ಸೋದರಮಾವ ಹಟ ಹಿಡಿದಾಗ ನಾನು ಮೂರು ಕಾರಣ ಕೊಟ್ಟು ವಾದಿಸಿದೆ. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ನಿಂತವನು ನಾನು. ಎದುರಿನವರು ಬಾಯಿ ತೆರೆಯುವ ಮೊದಲೇ ಅವರ ಮಾತಿನ ತೂತು ಕಾಣುತ್ತದೆ ಎಂಬ ಜಂಬವಿತ್ತು. ಓದು ಮುಗಿದ ಮೇಲೆ ಅದೇ ಜಂಬ ಹೊತ್ತು ಮಾವ ಓಡಿಸುತ್ತಿದ್ದ ಲಾರಿಗೆ ಎರಡನೇ ಡ್ರೈವರಾಗಿ ಹತ್ತಿದ್ದೆ.

ನಾವು ಸಾಗಿಸುತ್ತಿದ್ದುದು ಹೈಡ್ರೋಸ್, ಬೆಲ್ಲದ ಬಣ್ಣ ತಿಳಿಯಾಗಲೆಂದು ಆಲೆಮನೆಗಳಲ್ಲಿ ಪಾಕಕ್ಕೆ ಹಾಕುವ ಬಿಳಿ ಪುಡಿ. ಅಂಗಡಿಯಲ್ಲಿ ಬೆಳ್ಳಗಿನ ಅಚ್ಚನ್ನೇ ಆರಿಸಿ ಕೊಳ್ಳುವವರು ನನ್ನನ್ನು ಕಂಡಾಗ, ಅದೇನೋ ಅಪಾಯದ್ದು ಸಾಗಿಸುತ್ತೀಯಂತಲ್ಲ ಎಂದು ಕೇಳುತ್ತಿದ್ದರು. ಅಪಾಯದ್ದು ಹೌದು. ಒಣಗಿರುವಷ್ಟು ಹೊತ್ತು ಸುಮ್ಮನಿರುತ್ತದೆ. ಚೂರು ತೇವ ತಾಗಿದರೆ ತಾನೇ ಕಾದು, ಹೊಗೆಯಾಡಿ, ಹೊತ್ತಿಕೊಳ್ಳುತ್ತದೆ. ಆ ಹೊಗೆ ಎದೆಯೊಳಗೆ ಹೋದರೆ ಸುಡುತ್ತದೆ. ಬೆಂಕಿ ಕಂಡರೆ ಬಿಂದಿಗೆ ಹಿಡಿದು ಓಡಿಬರುವ ಊರುಗಳ ನಡುವೆ ಇದನ್ನು ಒಯ್ಯಬೇಕು. ಅದಕ್ಕೇ ಲಾರಿಯ ಹಿಂದೆಯೂ ಪಕ್ಕಗಳಲ್ಲೂ ಎಚ್ಚರಿಕೆಯ ಬೋರ್ಡುಗಳಿದ್ದವು. ಅವುಗಳ ಇಂಗ್ಲಿಷು, ಅಂಕಿ ಯಾರಿಗೆ ಅರ್ಥವಾಗುತ್ತದೆ ಎಂದು ಮಾಲೀಕರ ಹತ್ತಿರ ಜಗಳವಾಡಿ, ಕೆಳಗೆ ಕೆಂಪಕ್ಷರದಲ್ಲಿ ‘ನೀರು ಹಾಕಬೇಡಿ’ ಎಂದು ಬರೆಸಿದವನು ನಾನೇ.

ಹಬ್ಬಕ್ಕೆ ಗೋದಾಮು ಮುಚ್ಚುತ್ತದೆಂದು ಆ ಸಲ ಹಿಂದಿನ ದಿನವೇ ಲೋಡು ತುಂಬಿಸಿ, ಕಿರಂಗೂರಿನ ನಮ್ಮ ಮನೆಯ ಪಕ್ಕದ ಬಯಲಲ್ಲಿ ನಿಲ್ಲಿಸಿದ್ದೆವು. ಮರುದಿನ ಆಯುಧಪೂಜೆ. ನಮ್ಮದು ಕುಲುಮೆಯ ಮನೆತನ. ಸುತ್ತಿಗೆ, ಇಕ್ಕಳ, ಅಡಿಗಲ್ಲು ಎಲ್ಲವನ್ನೂ ತೊಳೆದು ಕುಂಕುಮವಿಟ್ಟ ಮೇಲೇ ಮತ್ತೆ ಕೆಲಸ. ಕುಲುಮೆ ಬಿಟ್ಟು ಸ್ಟೇರಿಂಗು ಹಿಡಿದಿದ್ದ ಮಾವನಿಗೆ ಲಾರಿಯೂ ಅಂಥದ್ದೇ ಒಂದು ಆಯುಧ. ಪೈಪು ಎಳೆದುಕೊಂಡು ತೊಳೆಯಲು ಹೊರಟ. ನಾನು ಪೈಪು ಕಿತ್ತುಕೊಂಡೆ. ಟಾರ್ಪಾಲು ಹಳೆಯದು, ಡ್ರಮ್ಮುಗಳ ಮುಚ್ಚಳ ನಂಬುವಂತಿಲ್ಲ, ಇನ್ನು ದೇವರಿದ್ದರೆ ತೊಳೆಯದ ಲಾರಿಯನ್ನೂ ಕಾಯುತ್ತಾನೆ ಎಂದೆ.

“ನಿನ್ ಬಾಯ್ಗೇ ಲೋಡ್ ಹೊರುಸ್ಬೇಕು ಕಣ್ಲಾ,” ಅಂದ ಮಾವ. “ಡೀಸಲ್ಲಾದ್ರೂ ಉಳೀತದೆ.”

ಕೊನೆಗೆ ಒದ್ದೆ ಬಟ್ಟೆಯಲ್ಲಿ ಮುಂದಿನ ಗಾಜು ಒರೆಸುವುದು, ಅಷ್ಟೇ ಎಂದು ತೀರ್ಮಾನವಾಯಿತು. ಗೆದ್ದೆ. ಆಮೇಲೆ ಮಾವ ಲಾರಿಯ ಮೂತಿಗೆ ವಿಭೂತಿ ಬಳಿದು, ಬೂದುಗುಂಬಳ ಒಡೆದು, ಹಿಂದಿನ ಬೋರ್ಡಿಗೆ ಎರಡು ಮಾರು ಸೇವಂತಿಗೆ ಸುತ್ತಿದ. ಕೆಂಪಕ್ಷರಗಳು ಹೂವಿನಡಿ ಹೋದವು. ನೋಡಿದೆ. ಹೇಳುವ ಮಾತು ಬಾಯಿಗೂ ಬಂತು. ಆದರೆ ದೊಡ್ಡ ವಾದ ಗೆದ್ದವನು ಚಿಕ್ಕದೊಂದನ್ನು ಎದುರಿನವನಿಗೆ ಬಿಟ್ಟುಕೊಡಬೇಕು. ಸಭೆಯಲ್ಲಿ ಅದಕ್ಕೆ ಒಳ್ಳೆಯ ಹೆಸರು ಸಿಗುತ್ತದೆ. ನಾಳೆ ಹೊರಡುವಾಗ ತೆಗೆದರಾಯಿತು ಎಂದುಕೊಂಡೆ. ಹೊರಡುವಾಗ, ಕೆ.ಆರ್. ಪೇಟೆಯಲ್ಲಿ ಇಳಿಸುವಾಗ ತೆಗೆದರಾಯಿತು ಎಂದುಕೊಂಡೆ.

ಪಾಂಡವಪುರ ದಾಟಿ ನಾಲೆಯ ಪಕ್ಕ ಹೋಗುತ್ತಿದ್ದಾಗ ಕನ್ನಡಿಯಲ್ಲಿ ತೆಳ್ಳಗೆ ಹೊಗೆ ಕಂಡಿತು. ರಾತ್ರಿಯ ತುಂತುರು ಟಾರ್ಪಾಲಿನ ಹೊಲಿಗೆಯಲ್ಲಿ ಇಳಿದು ಒಂದು ಡ್ರಮ್ಮು ಸೇರಿತ್ತೆಂದು ಆಮೇಲೆ ಗೊತ್ತಾಯಿತು. ಮಾವ ಗಾಬರಿಯಾಗಲಿಲ್ಲ. ಮನೆಗಳಿಲ್ಲದ ಕಡೆಯವರೆಗೆ ಓಡಿಸಿ ನಿಲ್ಲಿಸಿದ. ನೂರು ಹೆಜ್ಜೆ ಮುಂದೆ ಹೋಗಿ ಗಾಡಿಗಳನ್ನು ತಡೆಯಲು ನನಗೆ ಹೇಳಿ, ತಾನು ಕ್ಯಾಬಿನ್ನಿನಿಂದ ಮರಳಿನ ಚೀಲ ಇಳಿಸತೊಡಗಿದ. ನಾಲೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಇಬ್ಬರು ಹೊಗೆ ಕಂಡು ಬಕೆಟ್ಟು ತುಂಬಿಕೊಂಡು ಲಾರಿಯ ಹಿಂಬದಿಗೆ ಓಡಿದರು. ನಾನು ಕೂಗಿದೆ. ದೂರವಿತ್ತು, ಕೇಳಿಸಲಿಲ್ಲ.

ಎರಡು ಬಕೆಟ್ಟು ನೀರು ಬಿತ್ತು. ಹೊಗೆ ಬೆಂಕಿಯಾಯಿತು. ಮಾವ ಚೀಲ ಬಿಸಾಡಿ ಆ ಹೊಗೆಯೊಳಗೇ ನುಗ್ಗಿ ಇಬ್ಬರನ್ನೂ ಗದ್ದೆಯ ಬದುವಿನಾಚೆ ತಳ್ಳಿದ. ಅವರು ಎರಡು ದಿನ ಕೆಮ್ಮಿ ಸುಧಾರಿಸಿಕೊಂಡರು. ಮಾವ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದ. ಬರುವಾಗ ಧ್ವನಿ ಅರ್ಧ ಹೋಗಿತ್ತು.

ಆಮೇಲೆ ಆರ್‌ಟಿಓ ಕಚೇರಿಯಲ್ಲಿ ವಿಚಾರಣೆ. ಇಂಥ ಸರಕು ಓಡಿಸಲು ಲೈಸೆನ್ಸಿನಲ್ಲಿ ಬೇರೆಯೇ ಒಂದು ಅನುಮತಿ ಬರೆಸಿಕೊಳ್ಳಬೇಕು. ಅದು ಹೋದರೆ ಮಾವನ ಇಪ್ಪತ್ತೆರಡು ವರ್ಷದ ಕಸುಬು ಹೋದಂತೆ. ಉಳಿಸುತ್ತೇನೆಂದು ನಾನು ನಾಲ್ಕು ಹಾಳೆ ಟಿಪ್ಪಣಿ ಮಾಡಿಕೊಂಡು ಹೋದೆ. ಬೋರ್ಡು ಇತ್ತೇ, ಇತ್ತು. ನಿಯಮದ ಅಳತೆಯದೇ, ಹೌದು. ಕನ್ನಡದಲ್ಲೂ ಇತ್ತು. ಇನ್ನೇನು ಬೇಕು?

ನೀರು ಹಾಕಿದವರಲ್ಲಿ ಒಬ್ಬ ಎದ್ದು ನಿಂತ. “ನಾನು ಎಸ್ಸೆಸ್ಸೆಲ್ಸಿ ಓದಿವ್ನಿ ಸಾ. ಬೋರ್ಡ್ ಕಂಡಿದ್ರೆ ನೀರಾಕ್ತಿದ್ನಾ? ನಂಗ್ ಕಂಡಿದ್ದು ಹೂವ.”

ನಾನು ಹಾಳೆ ಬಿಡಿಸುವಷ್ಟರಲ್ಲಿ ಮಾವ, “ಹೂವ ಸುತ್ತಿದ್ದು ನಾನೇಯ,” ಅಂದ. ಅಧಿಕಾರಿ ನನ್ನತ್ತ ತಿರುಗಿ ಏನಾದರೂ ಸೇರಿಸುವುದಿದೆಯೇ ಎಂದರು. ಬೋರ್ಡು ನಿಯಮದಂತೆ ಇತ್ತು ಸಾರ್ ಎಂದೆ. ಅದು ಸುಳ್ಳಲ್ಲ. ಮುಚ್ಚಿದ್ದನ್ನು ನೀನು ನೋಡಿದೆಯಾ ಎಂದು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳಿದ್ದರೆ ನನ್ನ ಲೈಸೆನ್ಸೂ ಆ ಮೇಜಿನ ಮೇಲೆ ಬರುತ್ತಿತ್ತು. ಮಾವನ ಅನುಮತಿ ರದ್ದಾಯಿತು. ನನ್ನದು ಉಳಿಯಿತು.

ಈಗ ಮಾವ ನಾಗಮಂಗಲದಿಂದ ತೆಂಗಿನಕಾಯಿ ಲೋಡು ಹೊಡೆಯುತ್ತಾನೆ. ಕ್ಯಾಬಿನ್ನು ಹತ್ತುವಾಗ ಮಧ್ಯದ ಮೆಟ್ಟಿಲಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಾನೆ. ಹೋದ ತಿಂಗಳು ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಸಿಕ್ಕಿದ್ದ. ಟೀ ಕುಡಿಯುತ್ತ ಆ ದಿನದ ಮಾತು ತೆಗೆದೆ. ಈ ಸಲ ಹೇಳಿಯೇಬಿಡಬೇಕು ಎಂದುಕೊಂಡಿದ್ದೆ. ಹೂವು ಮುಚ್ಚಿದ್ದು ನಮ್ಮ ಕಣ್ಣಿಗೆ ಬೀಳಬೇಕಿತ್ತು ಮಾವ, ಎಂದು ಶುರುಮಾಡಿದೆ.

“ನಂಗೆ ಹೊಳೀನಿಲ್ಲ ಕಣ್ಲಾ, ಅದ್ ನನ್ ತಪ್ಪು,” ಅಂದ ಮಾವ. ಕೆಮ್ಮು ನಿಲ್ಲುವವರೆಗೆ ಕಾದು, “ನೀನೇನಾದ್ರೂ ನೋಡಿದ್ರೆ ಸುಮ್ಕಿರ್ತಿದ್ದಾ? ಹಟ ಮಾಡಿ ತಗ್ಸೇ ತಗುಸ್ತಿದ್ದೆ ಬುಡು,” ಎಂದು ಬೆನ್ನು ತಟ್ಟಿದ.

ನಾನು ಅವನಿಗೆ ಇನ್ನೊಂದು ಟೀ ಹೇಳಲು ಎದ್ದೆ.